ಹುರಿದ ತಾವರೆ ಬೀಜ: ಗುಣ ಬೀಜದ್ದೋ, ಬಾಣಲೆಯದೋ?

“ಡಾಕ್ಟ್ರೇ, ತಾವರೆ ಬೀಜ ತಿಂದರೆ ಶುಗರ್ ಇಳಿಯುತ್ತದಂತೆ, ಹೌದಾ?” “ಮಂಡಿನೋವಿಗೆ ಬಹಳ ಒಳ್ಳೆಯದಂತೆ, ದಿನಕ್ಕೆ ಎಷ್ಟು ತಿನ್ನಬೇಕು?” “ನಮ್ಮ ಮೊಮ್ಮಗನಿಗೆ ಎರಡು ವರ್ಷ, ಕೊಡಬಹುದೇ?” ಈಚಿನ ವರ್ಷಗಳಲ್ಲಿ ಯಾವ ಸಾಮಾನ್ಯ ವೈದ್ಯನಿಗೂ ಈ ಪ್ರಶ್ನೆಗಳು ತಪ್ಪಿದ್ದಲ್ಲ. ಹಿಂದೆ ದೊಡ್ಡ ಪೇಟೆಗಳ ದಿನಸಿ ಅಂಗಡಿಯಲ್ಲಿ ದ್ರಾಕ್ಷಿ, ಗೋಡಂಬಿಗಳ ಪಕ್ಕದ ಮೂಲೆಯಲ್ಲಿ ಇರುತ್ತಿದ್ದ ಮಖಾನ ಈಗ ಸಣ್ಣ ಊರುಗಳ ಅಂಗಡಿಗಳಲ್ಲೂ ಕಣ್ಣಿಗೆ ಬೀಳುತ್ತದೆ. ಬಣ್ಣಬಣ್ಣದ ಪೊಟ್ಟಣಗಳಲ್ಲಿ ಮಸಾಲೆ ಬೆರೆಸಿದ ಮಖಾನವಂತೂ ಚಿಪ್ಸ್ ಪಕ್ಕದಲ್ಲೇ ತೂಗಾಡುತ್ತಿರುತ್ತದೆ.

ಮೇಲಿನ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ‘ಇಲ್ಲ’. ಮೂರನೆಯದಕ್ಕೆ ‘ಇಡಿಯಾಗಿ ಬೇಡ, ಪುಡಿ ಮಾಡಿ ಕೊಡಿ’. ಹಾಗೆಂದು ಮಖಾನ ಪ್ರಯೋಜನಕ್ಕೆ ಬಾರದ ವಸ್ತುವಲ್ಲ. ಔಷಧವೆಂದು ನಂಬಿ ತಿಂದವರಿಗೆ ನಿರಾಶೆ ಕಾದಿದೆ. ಸಂಜೆಯ ಕರಿದ ತಿಂಡಿಯ ಜಾಗಕ್ಕೆ ಇದನ್ನು ತಂದವರಿಗೆ ಲಾಭವಿದೆ. ಆ ಲಾಭವೂ ಮನೆಯಲ್ಲಿ ಹೇಗೆ ಹುರಿಯುತ್ತೀರಿ ಎಂಬುದನ್ನು ಅವಲಂಬಿಸಿದೆ.

ಸಂಜೆಯ ಹಸಿವು

ಮಧ್ಯಾಹ್ನದ ಊಟವಾಗಿ ನಾಲ್ಕು ಗಂಟೆ ಕಳೆದಿರುತ್ತದೆ, ರಾತ್ರಿಯ ಊಟಕ್ಕೆ ಇನ್ನೂ ಮೂರು ಗಂಟೆ ಇರುತ್ತದೆ. ಶಾಲೆಯಿಂದ ಬಂದ ಮಗು ಚೀಲ ಎಸೆದು “ಅಮ್ಮಾ, ತಿನ್ನೋಕೆ ಏನಿದೆ?” ಎನ್ನುತ್ತದೆ. ಕಚೇರಿಯಿಂದ ಬಂದವರು ಕಾಫಿಯ ಜೊತೆ ‘ಬಾಯಾಡಿಸಲು’ ಏನಾದರೂ ಹುಡುಕುತ್ತಾರೆ. ನಿವೃತ್ತರಿಗೆ ಹೊತ್ತು ಹೋಗುವುದಿಲ್ಲ. ಬೆಳಗಿನ ತಿಂಡಿ, ಎರಡು ಹೊತ್ತಿನ ಊಟವನ್ನು ಬಹಳ ನಿಯಮದಿಂದ ಮಾಡುವವರು ಕೂಡ ಸೋಲುವುದು ಈ ಹೊತ್ತಿನಲ್ಲೇ. ಸಕ್ಕರೆ ಕಾಯಿಲೆಯವರ ಊಟದ ವಿವರ ಕೇಳುವಾಗ ಇಡ್ಲಿ ಎಷ್ಟು, ಮುದ್ದೆ ಎಷ್ಟು ಎಂದು ಅವರು ಎಣಿಸಿ ಹೇಳುತ್ತಾರೆ. ಸಂಜೆ ಏನು ತಿಂದಿರಿ ಎಂದರೆ “ಏನಿಲ್ಲ ಡಾಕ್ಟ್ರೇ, ಸ್ವಲ್ಪ ಮಿಕ್ಸ್ಚರ್” ಎನ್ನುತ್ತಾರೆ. ಆ ‘ಸ್ವಲ್ಪ’ ಎಷ್ಟೆಂದು ಡಬ್ಬಿಗೇ ಗೊತ್ತು.

ಕರಿದ ತಿಂಡಿಯ ತೊಂದರೆ ಅದರ ರುಚಿಯಲ್ಲಿಲ್ಲ, ಅಳತೆಯಲ್ಲಿದೆ. ಆಲೂಗಡ್ಡೆ ಚಿಪ್ಸ್‌ನಲ್ಲಿ ತೂಕದ ಸುಮಾರು ಮೂರನೇ ಒಂದು ಭಾಗ ಎಣ್ಣೆಯೇ ಇರುತ್ತದೆ. 30 ಗ್ರಾಂ ಚಿಪ್ಸ್ ಎಂದರೆ ಒಂದು ಹಿಡಿ. ಅದರಲ್ಲಿ ಸುಮಾರು 160 ಕ್ಯಾಲೊರಿ. ಒಂದು ಹಿಡಿಗೆ ಯಾರ ಹೊಟ್ಟೆಯೂ ತುಂಬುವುದಿಲ್ಲ, ಯಾರ ಕೈಯೂ ನಿಲ್ಲುವುದಿಲ್ಲ. ಇಲ್ಲಿ ನಮಗೆ ಬೇಕಾದದ್ದು ಬಟ್ಟಲು ತುಂಬುವ, ಹಲ್ಲಿಗೆ ಕುರುಕುರು ಎನ್ನುವ, ಆದರೆ ತೂಕದಲ್ಲಿ ಹಗುರವಾದ ತಿಂಡಿ. ಮಖಾನದ ನಿಜವಾದ ಯೋಗ್ಯತೆ ಇದು.

ಹೆಸರು ತಾವರೆ, ಕುಲ ನೈದಿಲೆ

ನಾವು ತಾವರೆ ಬೀಜ ಎಂದು ಕರೆಯುವ ಮಖಾನ ತಾವರೆಯದಲ್ಲ ಎಂದರೆ ಹಲವರಿಗೆ ಅಚ್ಚರಿಯಾಗುತ್ತದೆ. ಇದು ಯೂರಿಯೇಲ್ ಫೆರಾಕ್ಸ್ ಎಂಬ ಜಲಸಸ್ಯದ ಬೀಜ. ನೈದಿಲೆಯ ಕುಟುಂಬಕ್ಕೆ ಸೇರಿದ್ದು. ಅಗಲವಾದ ದುಂಡನೆಯ ಎಲೆ ನೀರಿನ ಮೇಲೆ ಹಾಸಿದ ತಟ್ಟೆಯಂತೆ ತೇಲುತ್ತದೆ. ಎಲೆ, ದೇಟು, ಕಾಯಿ ಎಲ್ಲದರಲ್ಲೂ ಮುಳ್ಳು. ಪೂಜಾ ಸಾಮಗ್ರಿಗಳ ಅಂಗಡಿಯಲ್ಲಿ ಜಪಮಾಲೆಗೆಂದು ಸಿಗುವ ಕಪ್ಪು, ಕಲ್ಲಿನಂಥ ಬೀಜ ಇದೆಯಲ್ಲ, ನಿಜವಾದ ತಾವರೆ ಬೀಜ ಅದು. ಅದನ್ನು ತಂದು ಬಾಣಲೆಗೆ ಹಾಕಿದರೆ ಅರಳುವುದೂ ಇಲ್ಲ, ಹಲ್ಲು ಉಳಿಯುವುದೂ ಇಲ್ಲ. ಅಂಗಡಿಯಲ್ಲಿ ‘ಮಖಾನ’ ಎಂದೇ ಕೇಳಿ. ಬಿಳಿಯ, ಹತ್ತಿಯ ಉಂಡೆಯಂಥ, ಅಲ್ಲಲ್ಲಿ ಕಂದು ಚುಕ್ಕೆಯಿರುವ ಅರಳು ನಿಮಗೆ ಬೇಕಾದದ್ದು.

‘ಅರಳು’ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಕೈಗೆ ಬರುವ ಮೊದಲೇ ಇದು ಬೆಂಕಿ ಕಂಡಿರುತ್ತದೆ. ದೇಶದ ಮಖಾನದ ಬಹುಪಾಲು ಬರುವುದು ಬಿಹಾರದ ಉತ್ತರ ಭಾಗದಿಂದ: ದರ್ಭಂಗಾ, ಮಧುಬನಿ, ಪೂರ್ಣಿಯಾ, ಕಟಿಹಾರ್ ಮೊದಲಾದ ಜಿಲ್ಲೆಗಳಿಂದ. ಅಲ್ಲಿನ ಕೆರೆಗಳಲ್ಲಿ ಕಾಯಿ ಬಲಿತು ಒಡೆದಾಗ ಬೀಜಗಳು ತಳದ ಕೆಸರಿಗೆ ಇಳಿಯುತ್ತವೆ. ಮಲ್ಲಾಹ ಸಮುದಾಯದವರು ಉಸಿರು ಕಟ್ಟಿ ಮುಳುಗಿ, ಮುಳ್ಳುಗಳ ನಡುವೆ ಕೆಸರನ್ನು ಬಾಚಿ ಬೀಜ ಎತ್ತುತ್ತಾರೆ. ತೊಳೆದು, ಬಿಸಿಲಿಗೆ ಒಣಗಿಸಿ, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದು, ಕಾದ ಬಾಣಲೆಯಲ್ಲಿ ಒಮ್ಮೆ ಹುರಿದು, ಎರಡು ಮೂರು ದಿನ ಹಾಗೇ ಬಿಡುತ್ತಾರೆ. ಮತ್ತೆ ಜೋರು ಕಾವಿನಲ್ಲಿ ಹುರಿದು, ಬಿಸಿ ಇರುವಾಗಲೇ ಮರದ ಕೊಡತಿಯಿಂದ ಹೊಡೆಯುತ್ತಾರೆ. ಕಪ್ಪು ಸಿಪ್ಪೆ ಬಿರಿದು ಒಳಗಿನ ತಿರುಳು ಹೊರಕ್ಕೆ ಅರಳುತ್ತದೆ. ಒಂದು ಹೊಡೆತ ತಡವಾದರೆ ಬೀಜ ಕೆಟ್ಟಿತು. ಈಗ ಕೆಲವು ಕಡೆ ಆಳವಿಲ್ಲದ ನೀರಿನ ಗದ್ದೆಗಳಲ್ಲೂ ಬೆಳೆಯುತ್ತಾರೆ. ಅಲ್ಲಿ ಮುಳುಗುವ ಕಷ್ಟವಿಲ್ಲ. ದರ್ಭಂಗಾದಲ್ಲಿ ಇದಕ್ಕೆಂದೇ 2002ರಲ್ಲಿ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರ ಆರಂಭವಾಯಿತು. 2022ರಲ್ಲಿ ‘ಮಿಥಿಲಾ ಮಖಾನ’ಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರಕಿತು. ಮಿಥಿಲೆಯಲ್ಲಿ ಶರದ ಹುಣ್ಣಿಮೆಯ ಕೋಜಾಗರ ಹಬ್ಬದಂದು ಹೊಸದಾಗಿ ಮದುವೆಯಾದವರ ಮನೆಯಲ್ಲಿ ವೀಳ್ಯದೆಲೆಯ ಜೊತೆ ಮಖಾನ ಹಂಚುವ ಪದ್ಧತಿ ಇದೆ. ನಮ್ಮ ನಾಗರ ಪಂಚಮಿಯ ಜೋಳದ ಅರಳಿನ ಹಾಗೆ ಅಲ್ಲಿಯವರಿಗೆ ಇದು ಮನೆಮಾತು.

ನೂರು ಗ್ರಾಂನಲ್ಲಿ ಏನಿದೆ?

ಒಗ್ಗರಣೆ, ಉಪ್ಪು ಯಾವುದೂ ಇಲ್ಲದ 100 ಗ್ರಾಂ ಮಖಾನದಲ್ಲಿ ಸುಮಾರು 350 ಕ್ಯಾಲೊರಿ ಶಕ್ತಿ, 77 ಗ್ರಾಂ ಪಿಷ್ಟ, 9ರಿಂದ 10 ಗ್ರಾಂ ಸಸಾರಜನಕ (ಪ್ರೋಟೀನ್) ಇರುತ್ತದೆ. ಕೊಬ್ಬು ಅರ್ಧ ಗ್ರಾಂ ಕೂಡ ಇಲ್ಲ. ಉಪ್ಪಿನ ಅಂಶ ಅತ್ಯಲ್ಪ.

ಈ ಲೆಕ್ಕವನ್ನು ನಿಧಾನವಾಗಿ ನೋಡಿ. 350 ಕ್ಯಾಲೊರಿ ಎಂದರೆ ಅಕ್ಕಿ, ಗೋಧಿ, ರಾಗಿಗಳಷ್ಟೇ. ಅಂದರೆ ಮಖಾನ ಮೂಲತಃ ಒಂದು ಧಾನ್ಯದಂತೆ ವರ್ತಿಸುವ ಪಿಷ್ಟದ ಬೀಜ. ಉಪವಾಸಕ್ಕೆ ಬರುತ್ತದೆ ಎಂದ ಮಾತ್ರಕ್ಕೆ ನಮ್ಮ ರಕ್ತದ ಸಕ್ಕರೆ ಅದನ್ನು ಫಲಾಹಾರವೆಂದು ಬೇರೆಯಾಗಿ ನೋಡುವುದಿಲ್ಲ. ವ್ಯತ್ಯಾಸ ಬರುವುದು ಅದರ ಹಗುರಿನಲ್ಲಿ. ತಕ್ಕಡಿಯಲ್ಲಿ 25 ಗ್ರಾಂ ತೂಗಿ ನೋಡಿ, ಸುಮಾರು ಎರಡು ಬೊಗಸೆಯಾಗುತ್ತದೆ. ಅಷ್ಟಕ್ಕೆ ಕ್ಯಾಲೊರಿ 90ರ ಆಸುಪಾಸು. ಅಷ್ಟನ್ನು ಒಂದೊಂದಾಗಿ ಅಗಿದು ಮುಗಿಸಲು ಹದಿನೈದು ನಿಮಿಷ ಬೇಕು, ಆ ಹೊತ್ತಿಗೆ ಕಾಫಿಯೂ ಮುಗಿದಿರುತ್ತದೆ, ಹಸಿವೂ ತಗ್ಗಿರುತ್ತದೆ.

ಇನ್ನು ‘ಮಂಡಿನೋವಿಗೆ ಕ್ಯಾಲ್ಸಿಯಂ’ ಎಂಬ ಮಾತು. 100 ಗ್ರಾಂ ಮಖಾನದಲ್ಲಿ ಕ್ಯಾಲ್ಸಿಯಂ 20ರಿಂದ 60 ಮಿಲಿಗ್ರಾಂ ಎಂದು ಬೇರೆ ಬೇರೆ ಪಟ್ಟಿಗಳು ಹೇಳುತ್ತವೆ. ಹೆಚ್ಚಿನದನ್ನೇ ಹಿಡಿದರೂ ನಾವು ತಿನ್ನುವ 25 ಗ್ರಾಂಗೆ 15 ಮಿಲಿಗ್ರಾಂ. ಅಷ್ಟೇ ತೂಕದ ರಾಗಿಯಲ್ಲಿ 85 ಮಿಲಿಗ್ರಾಂಗೂ ಹೆಚ್ಚು ಇರುತ್ತದೆ. ಒಂದು ಲೋಟ ಹಾಲಿನಲ್ಲಿ ಇನ್ನೂರನ್ನು ದಾಟುತ್ತದೆ. ಮೂಳೆಯ ಚಿಂತೆ ಇರುವ ತಾಯಂದಿರು ಸಾವಿರ ಮೈಲಿ ದೂರದ ಕೆರೆಯ ಕಡೆ ನೋಡುವ ಮೊದಲು ತಮ್ಮ ಮನೆಯ ರಾಗಿ ಡಬ್ಬಿಯ ಕಡೆ ನೋಡುವುದು ಲೇಸು. ಅಷ್ಟಕ್ಕೂ ವಯಸ್ಸಾದವರ ಮಂಡಿನೋವು ಬಹುಪಾಲು ಕೀಲು ಸವೆತದ್ದು, ಅದಕ್ಕೆ ಕ್ಯಾಲ್ಸಿಯಂ ಕೊರತೆಯೇ ಕಾರಣವಲ್ಲ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು

ಇದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಕೆಲ ದಿನಗಳ ಹಿಂದೆ ಅರವತ್ತು ದಾಟಿದ ನಿವೃತ್ತ ಶಿಕ್ಷಕರೊಬ್ಬರು ಬಂದರು. ಬಾಯಾರಿಕೆ, ಸುಸ್ತು, ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳುವುದು. ಊಟದ ಎರಡು ಗಂಟೆಯ ನಂತರದ ರಕ್ತದ ಸಕ್ಕರೆ 300ರ ಮೇಲಿತ್ತು. ಅದಕ್ಕೆ ಮೂರು ತಿಂಗಳ ಮೊದಲು ಹತೋಟಿಯಲ್ಲೇ ಇದ್ದದ್ದು. ಬಿಡಿಸಿ ಕೇಳಿದಾಗ ತಿಳಿದದ್ದು: ಯಾರೋ ಹೇಳಿದರೆಂದು ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಎರಡು ಬಟ್ಟಲು ಮಖಾನ, ರಾತ್ರಿ ಹಾಲಿನಲ್ಲಿ ಮತ್ತಷ್ಟು. “ಇದು ಶುಗರಿಗೆ ಔಷಧವೇ ಅಲ್ಲವೇ ಡಾಕ್ಟ್ರೇ, ಅದಕ್ಕೇ ಮಾತ್ರೆ ಅರ್ಧ ಮಾಡಿದೆ” ಎಂದರು. ಮಾತ್ರೆಯನ್ನು ಮೊದಲಿನಂತೆ ಮಾಡಿ, ಮಖಾನವನ್ನು ಸಂಜೆಯ ಒಂದು ಬಟ್ಟಲಿಗೆ ಇಳಿಸಿದ ಮೇಲೆ ಸಕ್ಕರೆ ತಹಬಂದಿಗೆ ಬಂತು. ಅವರ ಪುಣ್ಯ, ಕಾಲಿನ ಗಾಯ, ಸೋಂಕು ಯಾವುದೂ ಆ ಹೊತ್ತಿನಲ್ಲಿ ಜೊತೆಯಾಗಲಿಲ್ಲ.

25 ಗ್ರಾಂ ಮಖಾನದಲ್ಲಿ ಸುಮಾರು 19 ಗ್ರಾಂ ಪಿಷ್ಟ ಇರುತ್ತದೆ. ಹೆಚ್ಚು ಕಡಿಮೆ ಒಂದು ಚಪಾತಿಯಷ್ಟು ಎಂದು ನೆನಪಿಡಿ. ಒಂದು ಬಟ್ಟಲು ತಿಂದ ದಿನ ರಾತ್ರಿ ಊಟದಲ್ಲಿ ಅಷ್ಟನ್ನು ಕಡಿಮೆ ಮಾಡಿದರೆ ಲೆಕ್ಕ ಸರಿ. ಬಿಸ್ಕತ್ತು, ಬೋಂಡ, ಕೋಡುಬಳೆಯ ಬದಲಾಗಿ ತಿಂದರೆ ಲಾಭ. ಅವೆಲ್ಲದರ ಜೊತೆಗೆ ಇದನ್ನೂ ತಿಂದರೆ ಒಂದು ಚಪಾತಿ ಹೆಚ್ಚಾಯಿತು, ಅಷ್ಟೇ. ಮನೆಯಲ್ಲಿ ಸಕ್ಕರೆ ಪರೀಕ್ಷಿಸುವ ಯಂತ್ರವಿದ್ದರೆ ಮಖಾನ ತಿನ್ನುವ ಮೊದಲು ಮತ್ತು ಎರಡು ಗಂಟೆಯ ನಂತರ ಒಮ್ಮೆ ನೋಡಿಕೊಳ್ಳಿ. ನಿಮ್ಮ ಶರೀರದ ಉತ್ತರ ನೆರೆಮನೆಯವರ ಅನುಭವಕ್ಕಿಂತ ನಂಬಿಕೆಗೆ ಅರ್ಹ. ಮಾತ್ರೆ ಅಥವಾ ಇನ್ಸುಲಿನ್ ಅಳತೆಯನ್ನು ಮಾತ್ರ ನೀವಾಗಿಯೇ ಬದಲಿಸಬೇಡಿ.

ಹುರಿಯುವ ಕ್ರಮ

ಕೊಬ್ಬಿಲ್ಲದ ಮಖಾನವನ್ನು ಕೊಬ್ಬಿನ ಮುದ್ದೆ ಮಾಡುವುದು ಬಹಳ ಸುಲಭ. ಅದರ ಮೈ ತುಂಬ ಗಾಳಿಯ ಗೂಡುಗಳು. ಎಣ್ಣೆ ಕಂಡರೆ ಸ್ಪಂಜಿನಂತೆ ಹೀರುತ್ತದೆ. ಒಂದು ಲೆಕ್ಕ ಹೇಳುತ್ತೇನೆ. 50 ಗ್ರಾಂ ಮಖಾನದಲ್ಲಿ 175 ಕ್ಯಾಲೊರಿ. ಒಂದು ಟೀ ಚಮಚ ತುಪ್ಪದಲ್ಲಿ 45. ನಾಲ್ಕು ಚಮಚ ತುಪ್ಪ ಸುರಿದು ‘ಘಮ್’ ಎನಿಸಿದರೆ ತುಪ್ಪದ ಕ್ಯಾಲೊರಿ ಮಖಾನದ್ದನ್ನೂ ಮೀರಿತು. ಎಣ್ಣೆಯಲ್ಲಿ ಕರಿದರಂತೂ ಚಿಪ್ಸಿಗೂ ಇದಕ್ಕೂ ಹೆಸರಿನ ವ್ಯತ್ಯಾಸ ಮಾತ್ರ.

ಆದ್ದರಿಂದ ಮೊದಲು ಎಣ್ಣೆಯಿಲ್ಲದೆ ಹುರಿಯಿರಿ. ದಪ್ಪ ತಳದ ಅಗಲ ಬಾಣಲೆ, ಕಬ್ಬಿಣದ್ದಾದರೆ ಉತ್ತಮ. ಒಮ್ಮೆಗೆ 50 ಗ್ರಾಂ ಸಾಕು, ಬಾಣಲೆ ತುಂಬಿದರೆ ಕಾವು ಎಲ್ಲಕ್ಕೂ ತಾಗುವುದಿಲ್ಲ. ಸಣ್ಣ ಉರಿ. ಕೈ ಬಿಡದೆ ಎಂಟು ಹತ್ತು ನಿಮಿಷ ಕೈಯಾಡಿಸುತ್ತಿರಬೇಕು. ಅವಸರದವರಿಗೆ ಇದು ಆಗದ ಕೆಲಸ. ಉರಿ ಜೋರು ಮಾಡಿದರೆ ಹೊರಗೆ ಕಂದು, ಒಳಗೆ ಮೆತ್ತಗೆ. ಬಣ್ಣ ನೋಡಿ ಹದ ತಿಳಿಯುವುದಿಲ್ಲ. ಒಂದನ್ನು ತೆಗೆದು ಒಂದು ನಿಮಿಷ ಆರಲು ಬಿಟ್ಟು ಬೆರಳುಗಳ ನಡುವೆ ಒತ್ತಿ. ‘ಟಪ್’ ಎಂದು ಪುಡಿಯಾದರೆ ಆಯಿತು. ಚಪ್ಪಟೆಯಾಗಿ ಹಿಗ್ಗಿ ನಿಂತರೆ ಇನ್ನೆರಡು ನಿಮಿಷ ಬೇಕು. ಬಿಸಿಯಲ್ಲೇ ಒತ್ತಿ ನೋಡಿದರೆ ಸರಿಯಾದ ಹದವೂ ಮೆತ್ತಗೆನಿಸಿ ಮೋಸವಾಗುತ್ತದೆ.

ಹುರಿಯುವ ಮೊದಲು ಐದಾರನ್ನು ಮುರಿದು ಒಳಗೆ ನೋಡುವುದನ್ನು ಮರೆಯಬೇಡಿ. ಬಿರುಕುಗಳಲ್ಲಿ ಹುಳು ಸೇರಿಕೊಳ್ಳುವುದುಂಟು. ಕಪ್ಪು ಸಿಪ್ಪೆಯ ಚೂರು ಉಳಿದಿದ್ದರೆ ಚಿವುಟಿ ತೆಗೆಯಿರಿ, ಅದು ಗಟ್ಟಿ. ಕಟ್ಟಿಸಿದ ಹಲ್ಲಿನವರಿಗೆ ತೊಂದರೆ.

ಈಗ ಉಪ್ಪು. ಎಣ್ಣೆಯಿಲ್ಲದ ಮಖಾನಕ್ಕೆ ಉಪ್ಪು ಅಂಟುವುದಿಲ್ಲ, ತಳಕ್ಕೆ ಉದುರುತ್ತದೆ. ಸಪ್ಪೆ ಎಂದು ಮತ್ತೆ ಉದುರಿಸುತ್ತೇವೆ, ಕೊನೆಯಲ್ಲಿ ತಳದ ಉಪ್ಪನ್ನೆಲ್ಲ ಬೆರಳಿನಿಂದ ನೆಕ್ಕುವವರು ಮಕ್ಕಳು. ಇದಕ್ಕೆ ಉಪಾಯ ಸರಳ. ಉಪ್ಪನ್ನು ಜೀರಿಗೆ, ಮೆಣಸಿನ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಳ್ಳಿ. ಮಖಾನ ಗರಿಯಾದ ಮೇಲೆ ಬೇರೆ ತಟ್ಟೆಗೆ ತೆಗೆದು, ಅದೇ ಬಾಣಲೆಯಲ್ಲಿ ಒಂದೇ ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ ಬಿಸಿ ಮಾಡಿ ಉರಿ ಆರಿಸಿ. ಮಖಾನವನ್ನು ಹಾಕಿ ಚೆನ್ನಾಗಿ ತಿರುವಿ, ನಂತರ ಪುಡಿ ಉದುರಿಸಿ. ಉಪ್ಪು ಮೇಲ್ಮೈಯಲ್ಲೇ ತೆಳುವಾಗಿ ಹರಡುವುದರಿಂದ ನಾಲಿಗೆಗೆ ಬೇಗ ತಿಳಿಯುತ್ತದೆ, ಕಡಿಮೆಯಲ್ಲೇ ರುಚಿಯಾಗುತ್ತದೆ. 50 ಗ್ರಾಂಗೆ ಕಾಲು ಟೀ ಚಮಚ ಉಪ್ಪು ಧಾರಾಳ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದ ಒಳಗಿರಬೇಕು. ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲ ಅದರಲ್ಲೇ. ರಕ್ತದೊತ್ತಡದವರು ಉಪ್ಪನ್ನು ಬಿಟ್ಟು ಮೆಣಸು, ಜೀರಿಗೆ, ಚಿಟಿಕೆ ಆಮಚೂರ್ ಹಾಕಿಕೊಂಡರೆ ಹುಳಿ, ಖಾರ ಸೇರಿ ಉಪ್ಪಿನ ಕೊರತೆ ಅಷ್ಟಾಗಿ ಕಾಣಿಸುವುದಿಲ್ಲ. ‘ಕಡಿಮೆ ಸೋಡಿಯಂ ಉಪ್ಪು’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ರಕ್ತದೊತ್ತಡಕ್ಕೆ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಬಟ್ಟಲಿನಲ್ಲಿ ಬದಲಾವಣೆ

ದಿನವೂ ಒಂದೇ ರುಚಿಯಾದರೆ ನಾಲ್ಕನೆಯ ದಿನ ಮಕ್ಕಳು ಮೂಗು ಮುರಿಯುತ್ತಾರೆ. ನಮ್ಮ ಅಡುಗೆ ಮನೆಯ ಡಬ್ಬಿಗಳಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉತ್ತಮವಾದದ್ದು ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿದ ಮಖಾನ. ಕಾರಣ ರುಚಿಯಷ್ಟೇ ಅಲ್ಲ. ಮಖಾನವೊಂದರಲ್ಲೇ ಸಸಾರಜನಕ ಕಡಿಮೆ. 25 ಗ್ರಾಂನಲ್ಲಿ ಎರಡೂವರೆ ಗ್ರಾಂ ಮಾತ್ರ. ಬೆಳೆಯುವ ಮಗುವಿಗೆ ಅದು ಏನೇನೂ ಸಾಲದು, ಹಸಿವೂ ಬೇಗ ಮರಳುತ್ತದೆ. ಕಡಲೆಕಾಯಿ ಬೀಜದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ, ಹುರಿಗಡಲೆಯಲ್ಲಿ 22 ಗ್ರಾಂ ಸಸಾರಜನಕ ಇದೆ. ನಾಲ್ಕು ಜನರ ಮನೆಗೆ 40 ಗ್ರಾಂ ಮಖಾನ, 30 ಗ್ರಾಂ ಕಡಲೆಕಾಯಿ ಬೀಜ, 30 ಗ್ರಾಂ ಹುರಿಗಡಲೆ ತೆಗೆದುಕೊಳ್ಳಿ. ಮಖಾನವನ್ನೂ ಬೀಜವನ್ನೂ ಬೇರೆ ಬೇರೆಯಾಗಿ ಹುರಿಯಬೇಕು, ಒಟ್ಟಿಗೆ ಹಾಕಿದರೆ ಒಂದು ಸೀಯುತ್ತದೆ, ಇನ್ನೊಂದು ಹಸಿಯಾಗಿರುತ್ತದೆ. ಎರಡು ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕರಿಬೇವು ಹಾಕಿ. ಕರಿಬೇವಿನ ನೀರಿನಂಶ ಪೂರ್ತಿ ಹೋಗಿ ಎಲೆ ಗರಿಗರಿಯಾದ ಮೇಲೆಯೇ ಅರಿಶಿನ, ಸ್ವಲ್ಪ ಅಚ್ಚಖಾರದ ಪುಡಿ, ಉಪ್ಪು ಬೀಳಲಿ. ಉರಿ ಆರಿಸಿ ಎಲ್ಲವನ್ನೂ ಬೆರೆಸಿ. ಒಬ್ಬರ ಪಾಲಿಗೆ ನಾಲ್ಕೂವರೆ ಗ್ರಾಂ ಸಸಾರಜನಕ, 130ರ ಒಳಗೆ ಕ್ಯಾಲೊರಿ. ಶಾಲೆಯ ಡಬ್ಬಿಗೂ ಇದು ಸರಿ.

ಉತ್ತರ ಕರ್ನಾಟಕದ ಮನೆಗಳಲ್ಲಿ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಯಾವಾಗಲೂ ಇರುತ್ತದೆ. ಗರಿಯಾದ ಮಖಾನಕ್ಕೆ ಒಂದು ಚಮಚ ಎಣ್ಣೆ ಸವರಿ ಎರಡು ಚಮಚ ಚಟ್ನಿಪುಡಿ ಬೆರೆಸಿದರೆ ಮುಗಿಯಿತು, ಬೇರೆ ಉಪ್ಪು ಬೇಡ, ಪುಡಿಯಲ್ಲೇ ಇದೆ. ಚುರುಮುರಿಯಂತೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಸೌತೆಕಾಯಿ, ಕೊತ್ತಂಬರಿ, ನಿಂಬೆರಸ ಬೆರೆಸಿಯೂ ತಿನ್ನಬಹುದು. ಬೆರೆಸಿದ ಐದು ನಿಮಿಷದಲ್ಲಿ ತಿಂದುಬಿಡಬೇಕು, ತಡಮಾಡಿದರೆ ಮಖಾನ ಒದ್ದೆ ಬಟ್ಟೆಯಂತಾಗುತ್ತದೆ.

ಸಿಹಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬೆಲ್ಲದ ಪಾಕದಲ್ಲಿ ಹೊರಳಿಸಿದ ಮಖಾನ ರುಚಿಯೇ. ಅದು ಹಬ್ಬದ ತಿಂಡಿ. ‘ಬೆಲ್ಲ ತಾನೇ’ ಎಂದು ಸಕ್ಕರೆ ಕಾಯಿಲೆಯವರು ಸಮಾಧಾನ ಮಾಡಿಕೊಳ್ಳುವುದು ಬೇಡ. ರಕ್ತಕ್ಕೆ ಸೇರುವಾಗ ಬೆಲ್ಲಕ್ಕೂ ಸಕ್ಕರೆಗೂ ದೊಡ್ಡ ಭೇದವಿಲ್ಲ.

ಮಗುವಿಗೆ, ಅಜ್ಜಿಗೆ

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಮಖಾನ ಕೊಡಬೇಡಿ. ಇದು ಅತಿಯಾದ ಎಚ್ಚರಿಕೆ ಎನಿಸಬಹುದು. ಹಗುರವಾದ, ದುಂಡಗಿನ, ಒಣಗಿದ ವಸ್ತು ಮಗು ನಗುವಾಗಲೋ ಓಡುವಾಗಲೋ ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಕಡಲೆಕಾಯಿ ಬೀಜ ಈ ವಿಷಯದಲ್ಲಿ ಇನ್ನೂ ಅಪಾಯಕಾರಿ. ಆಟವಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಲು ಆರಂಭಿಸಿ, ಧ್ವನಿ ಹೊರಡದೆ, ತುಟಿ ನೀಲಿಯಾಗುತ್ತಿದ್ದರೆ ಬಾಯಿಗೆ ಬೆರಳು ಹಾಕಿ ಕುರುಡಾಗಿ ತಡಕಾಡಬೇಡಿ. ವಸ್ತು ಮತ್ತಷ್ಟು ಒಳಕ್ಕೆ ಜಾರುತ್ತದೆ. ಮಗುವನ್ನು ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ ಐದು ಬಾರಿ ಬಲವಾಗಿ ತಟ್ಟಿ, ಕೂಡಲೇ ಆಸ್ಪತ್ರೆಗೆ ಸಾಗಿಸಲು ವ್ಯವಸ್ಥೆ ಮಾಡಿ. ಜೋರಾಗಿ ಕೆಮ್ಮುತ್ತಿರುವ, ಅಳುತ್ತಿರುವ ಮಗುವಿಗೆ ಕೆಮ್ಮಲು ಬಿಡಿ, ಗಾಳಿ ಆಡುತ್ತಿದೆ ಎಂದರ್ಥ. ಕೆಮ್ಮು ನಿಂತ ಮೇಲೂ ಉಸಿರಿನಲ್ಲಿ ಸುಯ್ಗುಡುವ ಶಬ್ದ ಉಳಿದರೆ ಅಂದೇ ವೈದ್ಯರಿಗೆ ತೋರಿಸಿ.

ಪುಟ್ಟ ಮಕ್ಕಳಿಗೆ ಹುರಿದ ಮಖಾನವನ್ನು ನುಣ್ಣಗೆ ಪುಡಿ ಮಾಡಿ ರಾಗಿ ಸರಿ ಅಥವಾ ಹಾಲಿಗೆ ಒಂದೆರಡು ಚಮಚ ಬೆರೆಸಬಹುದು. ರಾಗಿಯ ಬದಲಾಗಿ ಅಲ್ಲ, ಜೊತೆಯಾಗಿ.

ಹಲ್ಲು ಉದುರಿದ ಹಿರಿಯರಿಗೆ ಗರಿಗರಿ ತಿಂಡಿ ಕಂಡರೆ ಆಸೆ, ಅಗಿಯಲು ಕಷ್ಟ. ಅವರಿಗೆ ಹುರಿದ ಮಖಾನವನ್ನು ಕೈಯಲ್ಲಿ ಒಂದೆರಡಾಗಿ ಮುರಿದು, ಕಡೆದ ತಿಳಿ ಮೊಸರಿಗೆ ಹಾಕಿ ಹತ್ತು ನಿಮಿಷ ಬಿಡಿ. ತುರಿದ ಸೌತೆಕಾಯಿ, ಹುರಿದ ಜೀರಿಗೆ ಪುಡಿ, ಸಾಸಿವೆ ಒಗ್ಗರಣೆ ಕೊಟ್ಟರೆ ಮೊಸರು ಬಜ್ಜಿಯಂತಾಗುತ್ತದೆ. ಮೊಸರಿನಿಂದ ಸಸಾರಜನಕವೂ ಕ್ಯಾಲ್ಸಿಯಂ ಸಹ ಸೇರುತ್ತವೆ. ಸಂಜೆ ಐದಕ್ಕೆ ಇದನ್ನು ತಿಂದು ರಾತ್ರಿ ಹಗುರವಾಗಿ ಉಣ್ಣುವ ಹಿರಿಯರು ನನ್ನ ಬಳಿ ಬರುವವರಲ್ಲಿ ಹಲವರಿದ್ದಾರೆ.

ಪೊಟ್ಟಣ ಕೊಳ್ಳುವವರು

ಸಿದ್ಧ ಮಸಾಲೆ ಮಖಾನ ಕೊಳ್ಳುವುದಾದರೆ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಿ. ಬರೀ ಮಖಾನದಲ್ಲಿ ಕೊಬ್ಬು ಅರ್ಧ ಗ್ರಾಂ ಕೂಡ ಇಲ್ಲ ಎಂದೆನಲ್ಲ. ಆದ್ದರಿಂದ 100 ಗ್ರಾಂಗೆ ಕೊಬ್ಬು 18 ಗ್ರಾಂ ಎಂದು ಅಚ್ಚಾಗಿದ್ದರೆ ಅದು ಪೂರ್ತಿ ಹೊರಗಿನಿಂದ ಸೇರಿಸಿದ ಎಣ್ಣೆ. ‘ಹುರಿದದ್ದು’ ಎಂಬ ಮಾತು ಮುಂಭಾಗದಲ್ಲಿ ಎಷ್ಟು ದಪ್ಪವಾಗಿದ್ದರೂ ಈ ಲೆಕ್ಕ ಬದಲಾಗದು. ಹಾಗೆಯೇ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ನೋಡಿ ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಹೈಸ್ಕೂಲಿನ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿ, ಅಂಗಡಿಯಲ್ಲಿ ಅವರೇ ಪೊಟ್ಟಣ ತಿರುಗಿಸಲು ಕಲಿಯುತ್ತಾರೆ.

ಕೆಡದಂತೆ ಇಡುವುದು, ದುಬಾರಿಯೆನಿಸಿದರೆ

ಮಖಾನ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೆಳಿಗ್ಗೆ ತೆರೆದಿಟ್ಟದ್ದು ಸಂಜೆಗೆ ಚರ್ಮದಂತಾಗುತ್ತದೆ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಮೆತ್ತಗಾದರೆ ಮತ್ತೆ ಐದು ನಿಮಿಷ ಬೆಚ್ಚಗೆ ಮಾಡಿದರೆ ಸರಿಹೋಗುತ್ತದೆ. ಬೂಷ್ಟು ಕಂಡರೆ ಅಥವಾ ಮುಗ್ಗಲು ವಾಸನೆ ಬಂದರೆ ಹುರಿದು ಸರಿಮಾಡಲು ಹೋಗದೆ ಎಸೆದುಬಿಡಿ. ಕಡಲೆಕಾಯಿ ಬೀಜ, ತುಪ್ಪ ಬೆರೆಸಿದ್ದು ಬೇಗ ಕಮಟುತ್ತದೆ. ಒಂದು ವಾರಕ್ಕೆ ಸಾಕಾಗುವಷ್ಟೇ ಮಾಡಿ.

ಇನ್ನು ಬೆಲೆ. ಒಳ್ಳೆಯ ಮಖಾನ ಈಗ ಕಿಲೋಗೆ ಸಾವಿರ ರೂಪಾಯಿ ದಾಟುತ್ತದೆ. “ಇದನ್ನು ತರಲು ನಮ್ಮಿಂದಾಗದು, ನಮ್ಮ ಮಕ್ಕಳಿಗೆ ಏನೋ ಕಡಿಮೆಯಾಗುತ್ತಿದೆ” ಎಂದು ಕೊರಗುವ ತಾಯಂದಿರನ್ನು ನೋಡಿದ್ದೇನೆ. ಏನೂ ಕಡಿಮೆಯಾಗುವುದಿಲ್ಲ. ನಮ್ಮ ಮಂಡಕ್ಕಿಯಲ್ಲಿ 100 ಗ್ರಾಂಗೆ ಸುಮಾರು 325 ಕ್ಯಾಲೊರಿ, ಏಳೂವರೆ ಗ್ರಾಂ ಸಸಾರಜನಕ ಇದೆ, ಕೊಬ್ಬು ನಾಮಮಾತ್ರ. ಮಖಾನಕ್ಕೂ ಅದಕ್ಕೂ ಇರುವ ಅಂತರ ಒಂದು ಹಿಡಿ ಹುರಿಗಡಲೆ ಬೆರೆಸಿದರೆ ಮುಚ್ಚಿಹೋಗುತ್ತದೆ. ಮಂಡಕ್ಕಿ ಮಾಡುವಾಗಲೇ ಉಪ್ಪು ಬೆರೆಸಿರುತ್ತಾರೆ, ಆದ್ದರಿಂದ ಒಗ್ಗರಣೆಗೆ ಉಪ್ಪು ಹಾಕಬೇಡಿ. ಜೋಳದ ಅರಳು ಸಿಕ್ಕಿದರೆ ಇನ್ನೂ ಒಳ್ಳೆಯದು. ಅದಕ್ಕೆ ಉಪ್ಪೂ ಇಲ್ಲ, ಇಡೀ ಕಾಳಿನ ನಾರೂ ಉಳಿದಿರುತ್ತದೆ. ಮೇಲೆ ಹೇಳಿದ ಕರಿಬೇವಿನ ಒಗ್ಗರಣೆ, ಚಟ್ನಿಪುಡಿ, ಈರುಳ್ಳಿ ನಿಂಬೆರಸ ಎಲ್ಲವೂ ಇವೆರಡಕ್ಕೂ ಹಾಗೆಯೇ ಒಪ್ಪುತ್ತವೆ. ಎಣ್ಣೆಯ ಅಳತೆ ಮಾತ್ರ ಅದೇ ಇರಲಿ, ಒಬ್ಬರಿಗೆ ಅರ್ಧ ಟೀ ಚಮಚ.